ಋಷಿಗಂಗೆಯ ಬಾಗಿಲು: ನಂದಾದೇವಿ ಆರೋಹಣದ ಇತಿಹಾಸವನ್ನು ಕುರಿತು ಕೆಲವು ವಿಚಾರಗಳು

ಪರ್ವತಾರೋಹಣದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಶಿಖರದ ತುದಿಯಿಂದಲೇ ಕಥೆಯನ್ನು ಆರಂಭಿಸುತ್ತಾರೆ. ಯಾವ ಇಸವಿಯಲ್ಲಿ, ಯಾವ ದಿನ, ಯಾರು ಮೊದಲು ಅಲ್ಲಿ ಕಾಲಿಟ್ಟರು ಎಂಬುದು ಗೊತ್ತಾದರೆ ಚರಿತ್ರಕಾರನ ಕೆಲಸ ಮುಗಿಯಿತೆಂಬ ಭಾವನೆ ರೂಢಿಯಲ್ಲಿದೆ. ನಂದಾದೇವಿಯ ವಿಷಯದಲ್ಲಿ ಈ ಕ್ರಮವು ಸಾಲದು. 25,645 ಅಡಿ ಎತ್ತರದ ಆ ಶಿಖರವನ್ನು ಏರುವುದಕ್ಕೆ 1936ರ ತಂಡಕ್ಕೆ ಒಂದು ಮಳೆಗಾಲ ಸಾಕಾಯಿತು. ಆದರೆ ಶಿಖರದ ಬುಡವನ್ನು ಮುಟ್ಟುವುದಕ್ಕೆ ಅದಕ್ಕೆ ಹಿಂದಿನವರು 1883ರಿಂದ 1934ರವರೆಗೆ, ಅಂದರೆ ಅರ್ಧ ಶತಮಾನಕ್ಕೂ ಮಿಕ್ಕ ಕಾಲ, ಹೆಣಗಬೇಕಾಯಿತು. ಆದುದರಿಂದ ಈ ಪರ್ವತದ ಚರಿತ್ರೆಯೆಂದರೆ ಮುಖ್ಯವಾಗಿ ಅದರ ಬಾಗಿಲಿನ ಚರಿತ್ರೆ ಎಂದು ನಮಗೆ ತೋರುತ್ತದೆ. ಆ ಬಾಗಿಲು ಯಾರಿಗೆ ಮುಚ್ಚಿತ್ತು, ಅದನ್ನು ತೆರೆದವರು ಯಾರು, ಮತ್ತೆ ಮುಚ್ಚಿದವರು ಯಾರು, ಮುಚ್ಚಿದಾಗ ಹೊರಗೆ ಉಳಿದವರು ಯಾರು ಎಂಬುದನ್ನು ಇಲ್ಲಿ ವಿಚಾರ ಮಾಡಬೇಕಾಗಿದೆ.

ಮೊದಲು ಸ್ಥಳದ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಅವಶ್ಯಕ. ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿರುವ ನಂದಾದೇವಿಯು ಸಂಪೂರ್ಣವಾಗಿ ಭಾರತದ ಮೇರೆಯೊಳಗೇ ಇರುವ ಶಿಖರಗಳಲ್ಲಿ ಅತ್ಯಂತ ಎತ್ತರವಾದುದು. ಅದು ಬಯಲಿನಿಂದ ಏರುತ್ತ ಹೋಗುವ ಬೆಟ್ಟಸಾಲಿನ ತುದಿಯಲ್ಲಿಲ್ಲ. ಕೋಟೆಯ ನಡುವಿನ ಗೋಪುರದಂತೆ, ಸುಮಾರು ಎಪ್ಪತ್ತು ಮೈಲಿ ಸುತ್ತಳತೆಯ ಪರ್ವತವಲಯದ ಒಳಗೆ ನಿಂತಿದೆ. ಆ ವಲಯದ ಮೇಲೆ 21,000 ಅಡಿಗೂ ಮಿಕ್ಕ ಶಿಖರಗಳು ಹನ್ನೆರಡಕ್ಕೆ ಕಡಮೆಯಿಲ್ಲ. ತ್ರಿಶೂಲ, ದುನಾಗಿರಿ, ಚಾಂಗಬಾಂಗ್, ನಂದಾದೇವಿಯ ಪೂರ್ವ ಶಿಖರ ಇವೆಲ್ಲ ಆ ಕೋಟೆಯ ಬುರುಜುಗಳು. ಗೋಡೆಯು ಎಲ್ಲಿಯೂ 17,000 ಅಡಿಗಿಂತ ಕೆಳಕ್ಕೆ ಇಳಿಯುವುದಿಲ್ಲ. ಪಶ್ಚಿಮದಲ್ಲಿ ಮಾತ್ರ ಒಂದು ಸೀಳಿದೆ. ಒಳಗಿನ ಹಿಮನದಿಗಳು ಕರಗಿದ ನೀರೆಲ್ಲ ಒಟ್ಟುಗೂಡಿ ಋಷಿಗಂಗೆಯಾಗಿ, ಆ ಸೀಳಿನ ಮೂಲಕ ಭಯಂಕರವಾದ ಕಮರಿಯನ್ನು ಕೊರೆದುಕೊಂಡು ಹೊರಬಂದು, ರೇಣಿ ಗ್ರಾಮದ ಬಳಿ ಧೌಲಿಗಂಗೆಯನ್ನು ಸೇರುತ್ತದೆ. ನೀರಿಗೆ ದಾರಿಯಾದದ್ದು ಮನುಷ್ಯನಿಗೆ ದಾರಿಯಾಗಲಿಲ್ಲ.

ಸುತ್ತಣ ಗಢವಾಲ್ ಮತ್ತು ಕುಮಾಂವ್ ಪ್ರಾಂತಗಳ ಜನರಿಗೆ ಈ ಶಿಖರವು ನಂದಾದೇವಿಯೆಂಬ ತಾಯಿಯೇ. ಅವಳು ಅವರ ಮನೆಮಗಳು. ಶಿವನ ಮನೆಯಾದ ಹಿಮಪರ್ವತಕ್ಕೆ ಅವಳನ್ನು ಕಳುಹಿಸಿಕೊಡುವ ಯಾತ್ರೆಯೇ ಹನ್ನೆರಡು ವರ್ಷಗಳಿಗೊಮ್ಮೆ ನೌಟಿ ಗ್ರಾಮದಿಂದ ಹೊರಡುವ ರಾಜಜಾತ್. ಭಾದ್ರಪದದಲ್ಲಿ ಗೌರಿಯನ್ನು ತವರಿಗೆ ಕರೆತಂದು ಕಳುಹಿಸುವ ನಮ್ಮವರಿಗೆ ಈ ಭಾವವು ಹೊಸದೇನಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಆ ಯಾತ್ರೆಯು ಪರ್ವತವಲಯದ ಹೊರಮಗ್ಗುಲಲ್ಲಿರುವ ಹೋಮಕುಂಡದಲ್ಲಿ ನಿಲ್ಲುತ್ತದೆ. ಮುಂದಕ್ಕೆ ಹೋಗಬೇಕೆಂಬ ಆಸೆಯನ್ನು ಆ ಸಂಪ್ರದಾಯವು ಎಂದೂ ಇಟ್ಟುಕೊಳ್ಳಲಿಲ್ಲ.

ಗೂರ್ಖಾ ಯುದ್ಧದ ಫಲವಾಗಿ 1815ರಲ್ಲಿ ಕುಮಾಂವ್ ಪ್ರಾಂತವು ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆ ಸೇರಿತು. ಅಲ್ಲಿಂದ ಮುಂದೆ ಪರ್ವತಗಳನ್ನು ಅಳೆಯುವ, ದಾಟುವ, ನಕ್ಷೆಯಲ್ಲಿ ಗುರುತಿಸುವ ಕಾರ್ಯ ಮೊದಲಾಯಿತು. ಪ್ರಾಂತದ ಕಮಿಷನರನಾಗಿದ್ದ ಟ್ರೇಲನು 1830ರಲ್ಲಿ ಪಿಂಡಾರಿ ಹಿಮನದಿಯ ಮೇಲಿನಿಂದ ಜೋಹಾರ್ ಕಣಿವೆಗೆ ದಾಟಿದನೆಂದು ಹೇಳುವುದು ವಾಡಿಕೆ. ಆ ದಾರಿಗೆ ಇಂದಿಗೂ ಅವನ ಹೆಸರೇ ಇದೆ. ಆದರೆ ಅದನ್ನು ಬಲ್ಲವನಾಗಿ ಮುಂದೆ ನಡೆದವನು ಸೂಪಿ ಗ್ರಾಮದ ಮಲಕ್ ಸಿಂಗ್ ಎಂಬ ಹಳ್ಳಿಗ. ಹಿಮದ ಬೆಳಕಿಗೆ ಟ್ರೇಲನ ಕಣ್ಣು ಮುಚ್ಚಿಹೋಯಿತೆಂದೂ, ದೇವಿಗೆ ಕಾಣಿಕೆ ಸಲ್ಲಿಸಿದ ಮೇಲೆ ದೃಷ್ಟಿ ಮರಳಿತೆಂದೂ ಸ್ಥಳೀಯ ಐತಿಹ್ಯವು ಹೇಳುತ್ತದೆ. ಐತಿಹ್ಯವು ನಿಜವೋ ಅಲ್ಲವೋ, ಒಂದು ಪದ್ಧತಿಯಂತೂ ಇಲ್ಲಿಯೇ ಆರಂಭವಾಯಿತು: ದಾರಿ ತೋರಿದವನು ಒಬ್ಬ, ದಾರಿಗೆ ಹೆಸರು ಕೊಟ್ಟವನು ಇನ್ನೊಬ್ಬ.

ಋಷಿಗಂಗೆಯ ಕಮರಿಯ ಮೂಲಕವೇ ಒಳಗೆ ಹೋಗಲು ಯತ್ನಿಸಿದ ಮೊದಲ ಐರೋಪ್ಯನು ಗ್ರಹಾಮ್. 1883ರಲ್ಲಿ ಅವನು ಬಾಸ್ ಮತ್ತು ಕೌಫ್‌ಮನ್ ಎಂಬ ಇಬ್ಬರು ಸ್ವಿಸ್ ಸಂಗಡಿಗರೊಡನೆ ಬಂದನು. ಹೊರೆಯಾಳುಗಳು ನಡುದಾರಿಯಲ್ಲಿ ಬಿಟ್ಟುಹೋದುದರಿಂದ ಹಿಂದಿರುಗಬೇಕಾಯಿತು. ಅನಂತರ ಲಾಂಗ್‌ಸ್ಟಾಫ್ ಎಂಬ ವೈದ್ಯನು 1905ರಲ್ಲಿ ಬ್ರೋಶೆರೆಲ್ ಸೋದರರೊಡನೆ ಪೂರ್ವದಿಕ್ಕಿನಿಂದ ಗೋಡೆಯನ್ನೇರಿ, ನಂದಾಕೋಟ್ ಮತ್ತು ನಂದಾದೇವಿಯ ಪೂರ್ವ ಶಿಖರಗಳ ನಡುವಣ ತಗ್ಗಿನಲ್ಲಿ ನಿಂತು ಒಳಗಿನ ಪ್ರದೇಶವನ್ನು ಕಣ್ಣಿನಿಂದ ಮಾತ್ರ ನೋಡಿದನು, ಇಳಿಯುವುದು ಸಾಧ್ಯವಾಗಲಿಲ್ಲ. ಎರಡು ವರ್ಷಗಳ ಮೇಲೆ ಅವನೇ ಪಶ್ಚಿಮದ ಕಡೆಯಿಂದ ಹೊರ ಅಂಗಣವನ್ನು ಹೊಕ್ಕು, 1907ರ ಜೂನ್ 12ರಂದು 23,360 ಅಡಿಯ ತ್ರಿಶೂಲವನ್ನು ಏರಿದನು. ಮನುಷ್ಯನು ಅದುವರೆಗೆ ತುದಿಮುಟ್ಟಿದ ಶಿಖರಗಳಲ್ಲಿ ಅದೇ ಅತ್ಯುನ್ನತವೆನಿಸಿತು. ತುದಿಯಲ್ಲಿ ನಿಂತವರು ನಾಲ್ವರು: ಲಾಂಗ್‌ಸ್ಟಾಫ್, ಬ್ರೋಶೆರೆಲ್ ಸೋದರರಿಬ್ಬರು, ಮತ್ತು ಗೂರ್ಖಾ ಸೈನಿಕನಾದ ಕರ್ಬೀರ್ ಬುರಾಥೋಕಿ. ಈ ನಾಲ್ಕನೆಯ ಹೆಸರನ್ನು ನಮ್ಮ ಎಷ್ಟು ವಿದ್ಯಾರ್ಥಿಗಳು ಕೇಳಿದ್ದಾರೆಂಬುದು ಸಂದೇಹ. ತ್ರಿಶೂಲದ ಜಯದ ಮೇಲೆಯೂ ಕಮರಿಯ ಮೇಲ್ಭಾಗವು ಲಾಂಗ್‌ಸ್ಟಾಫನಿಗೆ ದಾರಿ ಬಿಡಲಿಲ್ಲ. ಮುಂದೆ ಅಲ್ಮೋರದಲ್ಲಿ ಅಧಿಕಾರಿಯಾಗಿದ್ದ ರಟ್ಲೆಜನು 1926, 1927 ಮತ್ತು 1932ರಲ್ಲಿ ಬೇರೆ ಬೇರೆ ದಿಕ್ಕುಗಳಿಂದ ಗೋಡೆಯನ್ನು ಪರೀಕ್ಷಿಸಿ ವಿಫಲನಾದನು.

1934ರಲ್ಲಿ ಬಾಗಿಲು ತೆರೆಯಿತು. ಎರಿಕ್ ಷಿಪ್ಟನ್ ಮತ್ತು ಟಿಲ್ಮನ್ ಎಂಬ ಇಬ್ಬರು ಆಂಗ್ಲೇಯರು, ಆಂಗ್‌ಥಾರ್ಕೆ, ಪಾಸಾಂಗ್, ಕುಸಾಂಗ್ ಎಂಬ ಮೂವರು ಶೆರ್ಪಾಗಳು, ಒಟ್ಟು ಐವರು. ಆ ಕಾಲದ ಹಿಮಾಲಯ ಯಾತ್ರೆಗಳು ನೂರಾರು ಹೊರೆಯಾಳುಗಳನ್ನು ಕೂಡಿಸಿಕೊಂಡು ಸೇನೆಯಂತೆ ನಡೆಯುತ್ತಿದ್ದವು. ಇವರಾದರೋ ಇಂಗ್ಲೆಂಡಿನಿಂದ ಹೋಗಿಬರುವ ವೆಚ್ಚವೂ ಸೇರಿ ಮುನ್ನೂರು ಪೌಂಡಿಗಿಂತ ಕಡಮೆ ಹಣದಲ್ಲಿ ಐದು ತಿಂಗಳ ಕೆಲಸವನ್ನು ಮುಗಿಸಿದರು. ರಮಣಿ ಎಂಬ ಉಪನದಿಯು ಕೂಡುವ ಸ್ಥಳದಿಂದ ಮೇಲಣ ನಾಲ್ಕು ಮೈಲಿಗಳ ಕಮರಿಯೇ ಕೊನೆಯ ಬೀಗ. ಬಂಡೆಯ ಗೋಡೆಯಲ್ಲಿ ಒಂದರ ಮೇಲೊಂದಾಗಿ ಕಿರಿದಾದ ಅಂಚುಗಳಿವೆ. ಒಂದು ಅಂಚು ಮುಗಿಯಿತೆಂದುಕೊಳ್ಳುವಷ್ಟರಲ್ಲಿ ಇನ್ನೊಂದು ಕಾಣಿಸುತ್ತದೆ. ಹೊರೆಗಳನ್ನು ಕಂತುಕಂತಾಗಿ ಸಾಗಿಸುತ್ತ, ಕೆಲವೆಡೆ ಹಗ್ಗದಿಂದ ಎತ್ತಿಕೊಳ್ಳುತ್ತ, ಆ ನಾಲ್ಕು ಮೈಲಿಗಳಿಗೆ ಒಂದು ವಾರಕ್ಕೂ ಮಿಕ್ಕ ಕಾಲ ಹಿಡಿಯಿತು. ಒಳಗೆ ಅವರಿಗೆ ಸಿಕ್ಕಿದ್ದು ಹುಲ್ಲುಗಾವಲು, ಹೂವು, ಮನುಷ್ಯನ ಭಯವನ್ನೇ ಅರಿಯದ ಕಾಡುಕುರಿಗಳ ಹಿಂಡು. ಮಳೆಗಾಲದ ಆರಂಭದಲ್ಲಿ ಹೊರಬಂದು, ಬದರಿ ಕೇದಾರಗಳ ನಡುವಣ ಹಿಮಪ್ರದೇಶವನ್ನು ಸುತ್ತಿ, ಸೆಪ್ಟೆಂಬರಿನಲ್ಲಿ ಮತ್ತೆ ಹೊಕ್ಕು, ಕೊನೆಗೆ ದಕ್ಷಿಣದ ಸುಂದರಢುಂಗಾ ಗೋಡೆಯನ್ನು ಇಳಿದು ಹೊರಟುಹೋದರು.

ಇಲ್ಲಿ ಒಂದು ಪ್ರಶ್ನೆಯನ್ನು ಕೇಳದೆ ಮುಂದುವರಿಯುವಂತಿಲ್ಲ. ಈ ಐವರಿಗಿಂತ ಮೊದಲು ಮನುಷ್ಯನು ಅಲ್ಲಿಗೆ ಹೋಗಿರಲೇ ಇಲ್ಲವೇ? ಒಳ ಅಂಗಣದ ಮಟ್ಟಿಗೆ ಈ ಮಾತನ್ನು ಒಪ್ಪಬಹುದೆಂದು ನಮಗೆ ತೋರುತ್ತದೆ. ಕಾಡುಪ್ರಾಣಿಗಳ ನಡವಳಿಕೆಯೇ ಅದಕ್ಕೊಂದು ಸಾಕ್ಷಿ. ಆದರೆ ಅದೇ ಮಾತನ್ನು ಇಡೀ ಋಷಿಗಂಗೆಯ ಪ್ರದೇಶಕ್ಕೆ ವಿಸ್ತರಿಸಿ, ಅದೆಲ್ಲವೂ ಅಜ್ಞಾತವಾಗಿತ್ತೆಂದು ಬರೆಯುವುದು ಸರಿಯಲ್ಲ. ಲಾತಾ ಗ್ರಾಮದವರು ತಮ್ಮ ಕುರಿ ಮೇಕೆಗಳನ್ನು ಬೇಸಗೆಯಲ್ಲಿ ಧರಾನ್ಸಿಯ ಎತ್ತರದ ಹುಲ್ಲುಗಾವಲಿಗೂ, ಅಲ್ಲಿಂದ ಕೆಳಗಿಳಿದು ದಿಬ್ರೂಘೇಟಾ ಎಂಬ ಬಯಲಿಗೂ ಹೊಡೆದುಕೊಂಡು ಹೋಗುತ್ತಿದ್ದರು. ಕಮರಿಯ ಕೆಳಭಾಗವನ್ನು ಬಳಸಿಕೊಂಡು ಹೋಗುವ ಈ ಕುರುಬರ ದಾರಿಯನ್ನು ಹಿಡಿದೇ ಲಾಂಗ್‌ಸ್ಟಾಫನೂ ಷಿಪ್ಟನನೂ ಮುಂದಕ್ಕೆ ಹೋದುದು. ಅಂದಮೇಲೆ ಬಾಗಿಲಿನ ಹೊರ ಜಗಲಿಯವರೆಗಿನ ದಾರಿ ಹಳ್ಳಿಗರದು. ಆಚೆಯ ನಾಲ್ಕು ಮೈಲಿಗಳ ಶೋಧ ಈ ಐವರದು. ಎರಡನ್ನೂ ಬೇರೆಬೇರೆಯಾಗಿ ಹೇಳಿದರೆ ಷಿಪ್ಟನ್ ಟಿಲ್ಮನ್ನರ ಸಾಹಸಕ್ಕೆ ಯಾವ ಕುಂದೂ ಬರುವುದಿಲ್ಲ.

ಬಾಗಿಲು ತೆರೆದ ಎರಡೇ ವರ್ಷಕ್ಕೆ, 1936ರಲ್ಲಿ, ಶಿಖರಾರೋಹಣವು ನಡೆಯಿತು. ಯಾತ್ರೆಯ ಸಂಕಲ್ಪವು ಅಮೆರಿಕದ ತರುಣರದು. ಹ್ಯೂಸ್ಟನ್, ಲೂಮಿಸ್, ಎಮನ್ಸ್, ಕಾರ್ಟರ್ ಎಂಬ ನಾಲ್ವರು ಅಮೆರಿಕನರೂ, ಟಿಲ್ಮನ್, ಓಡೆಲ್, ಗ್ರಹಾಮ್ ಬ್ರೌನ್, ಲಾಯ್ಡ್ ಎಂಬ ನಾಲ್ವರು ಬ್ರಿಟಿಷರೂ ಅದರಲ್ಲಿದ್ದರು. ಅದೇ ವರ್ಷದ ಎವರೆಸ್ಟ್ ಯಾತ್ರೆಗೆ ಟಿಲ್ಮನ್ನನನ್ನಾಗಲಿ ಓಡೆಲನನ್ನಾಗಲಿ ಆರಿಸಿರಲಿಲ್ಲವೆಂಬುದು ಸ್ವಾರಸ್ಯಕರ ಸಂಗತಿ. ನುರಿತ ಶೆರ್ಪಾಗಳಲ್ಲಿ ಬಹುಮಂದಿ ಎವರೆಸ್ಟಿಗೇ ಹೋಗಿದ್ದುದರಿಂದ ಇವರಿಗೆ ದೊರೆತವರು ಕೆಲವರೇ. ಹೊರೆ ಹೊರಲು ನೇಪಾಳದ ದೋತಿ ಸೀಮೆಯವರು ಮೂವತ್ತಕ್ಕೂ ಮಿಕ್ಕಿ ಇದ್ದರು; ಬದರಿಯ ಬಳಿಯ ಮಾಣಾ ಗ್ರಾಮದವರು ಹತ್ತು ಮಂದಿ. ಮಳೆಗಾಲವು ಮೊದಲಾಗಿತ್ತು. ರಮಣಿ ನದಿಯು ತುಂಬಿ ಹರಿಯುತ್ತಿದ್ದುದನ್ನು ಕಂಡು ದೋತಿಯವರು ದಾಟಲೊಲ್ಲದೆ ಹಿಂದಿರುಗಿದರು. ಆರೋಹಣದ ಸಂಕ್ಷಿಪ್ತ ವೃತ್ತಾಂತಗಳಲ್ಲಿ ಇದನ್ನು ಹೇಡಿತನವೆಂಬಂತೆ ಬರೆಯುವ ಅಭ್ಯಾಸವಿದೆ. ಬೆನ್ನ ಮೇಲೆ ಭಾರವನ್ನು ಹೊತ್ತು, ದಿನಗೂಲಿಗಾಗಿ, ತನ್ನದಲ್ಲದ ಕೀರ್ತಿಗಾಗಿ ಪ್ರವಾಹಕ್ಕೆ ಇಳಿಯಲೊಲ್ಲದವನನ್ನು ಹೇಡಿಯೆಂದು ಕರೆಯುವುದಕ್ಕೆ ಮೊದಲು ಚರಿತ್ರಕಾರನು ಸ್ವಲ್ಪ ಯೋಚಿಸಬೇಕು. ಮಾಣಾದವರು ಉಳಿದರು. ಅವರೂ ಶೆರ್ಪಾಗಳೂ ಯಾತ್ರಿಕರೂ ಸೇರಿ ಸಾಮಾನನ್ನು ಕಂತುಗಳಲ್ಲಿ ಸಾಗಿಸಿದರು. ಅವರು ಹಿಂದಿರುಗಿದ್ದರೆ 1936ರಲ್ಲಿ ಆರೋಹಣವೇ ನಡೆಯುತ್ತಿರಲಿಲ್ಲವೆಂದು ಹೇಳಲು ನಾವು ಹಿಂಜರಿಯುವುದಿಲ್ಲ.

ಪರ್ವತದ ಮೇಲೆ ಶೆರ್ಪಾಗಳ ಬಲವು ಬೇಗನೆ ಕುಂದಿತು. ಅನೇಕ ಯಾತ್ರೆಗಳನ್ನು ಕಂಡಿದ್ದ ಕಿತಾರನು ರೋಗದಿಂದ ನರಳಿ ಕೆಳಗಿನ ಶಿಬಿರದಲ್ಲಿಯೇ ಮೃತನಾದನು. ಪಾಸಾಂಗ್ ಕಿಕುಲಿಗೆ ಹಿಮದ ಬೆಳಕಿನಿಂದ ಕಣ್ಣು ಕಾಣದಾಯಿತು. ಮೇಲಣ ಶಿಬಿರಗಳಿಗೆ ಯಾತ್ರಿಕರೇ ಹೊರೆ ಹೊರಬೇಕಾಯಿತು. ಅದುವರೆಗೆ ನಾಯಕನಿಲ್ಲದೆಯೇ ನಡೆದಿದ್ದ ತಂಡವು ಮತ ಹಾಕಿ ಟಿಲ್ಮನ್ನನನ್ನು ನಾಯಕನನ್ನಾಗಿ ಆರಿಸಿಕೊಂಡಿತು. ತುದಿಗೆ ಹೋಗಬೇಕಾಗಿದ್ದವರು ಓಡೆಲ್ ಮತ್ತು ಹ್ಯೂಸ್ಟನ್. ಕೊನೆಯ ಗುಡಾರದಲ್ಲಿ ಕೆಟ್ಟುಹೋದ ಡಬ್ಬಿಯ ಮಾಂಸವನ್ನು ತಿಂದು ಹ್ಯೂಸ್ಟನ್ನನು ಅಸ್ವಸ್ಥನಾದುದರಿಂದ ಅವನ ಸ್ಥಾನಕ್ಕೆ ಟಿಲ್ಮನ್ ಬಂದನು. ಆಗಸ್ಟ್ 29ರಂದು ಟಿಲ್ಮನ್ ಮತ್ತು ಓಡೆಲ್ ಶಿಖರವನ್ನು ತಲಪಿದರು. 1950ರಲ್ಲಿ ಫ್ರೆಂಚರು ಅನ್ನಪೂರ್ಣವನ್ನು ಏರುವವರೆಗೆ, ಮನುಷ್ಯನು ತುದಿಮುಟ್ಟಿದ ಶಿಖರಗಳಲ್ಲಿ ಇದಕ್ಕಿಂತ ಎತ್ತರವಾದುದು ಮತ್ತೊಂದಿರಲಿಲ್ಲ. ಹಿಂದಿರುಗುವಾಗ ಟಿಲ್ಮನ್, ಹ್ಯೂಸ್ಟನ್ ಮತ್ತು ಪಾಸಾಂಗ್ ಕಿಕುಲಿ ಈ ಮೂವರು, ಲಾಂಗ್‌ಸ್ಟಾಫನು 1905ರಲ್ಲಿ ನಿಂತು ನೋಡಿದ್ದ ಆ ತಗ್ಗನ್ನು ಒಳಗಿನಿಂದ ಹೊರಕ್ಕೆ ದಾಟಿದರು. ಪಾಸಾಂಗನು ಮೂರು ವರ್ಷಗಳ ಮೇಲೆ, 1939ರಲ್ಲಿ, ಕೆ2 ಪರ್ವತದ ಮೇಲೆ ಸಿಕ್ಕಿಬಿದ್ದ ಅಮೆರಿಕನ್ ಯಾತ್ರಿಕನೊಬ್ಬನನ್ನು ಉಳಿಸಲು ಹೋಗಿ ಮರಳಿ ಬರಲಿಲ್ಲ.

ಆಗಸ್ಟ್ 29ರ ಮತ್ತೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಅದೇ ದಿನ ಪಿಂಡಾರ್ ನದಿಯು ಉಕ್ಕಿ ಥರಾಲಿ ಎಂಬ ಊರಿನಲ್ಲಿ ಸುಮಾರು ನಲವತ್ತು ಜನರು ಪ್ರಾಣ ಕಳೆದುಕೊಂಡರು. ದೇವಿಯ ತಲೆಯ ಮೇಲೆ ಕಾಲಿಟ್ಟುದರ ಫಲವಿದೆಂದು ಜನರು ನಂಬಿದರು. ಇದನ್ನು ತನ್ನ ಗ್ರಂಥದಲ್ಲಿ ದಾಖಲಿಸಿದವನು ಟಿಲ್ಮನ್ನನೇ. ಮಳೆಗಾಲದ ಕೊನೆಯಲ್ಲಿ ಹಿಮಾಲಯದ ನದಿಗಳು ಉಕ್ಕುವುದಕ್ಕೆ ಶಿಖರಾರೋಹಣವು ಬೇಕಿಲ್ಲ ಎಂಬುದು ಸ್ಪಷ್ಟ. ಆದರೂ ಈ ನಂಬಿಕೆಯನ್ನು ಕೇವಲ ಅಂಧಶ್ರದ್ಧೆಯೆಂದು ತಳ್ಳಿಹಾಕಿದರೆ ನಾವು ಒಂದು ದಾಖಲೆಯನ್ನೇ ಕಳೆದುಕೊಂಡಂತೆ. ಮೇಲೆ ಯಾರು ಏನು ಮಾಡಿದರೂ ಅದರ ನೀರು ಹರಿದು ಬರುವುದು ಕೆಳಗಿನ ಹಳ್ಳಿಗೇ ಎಂಬ ಅರಿವು ಆ ನಂಬಿಕೆಯಲ್ಲಿದೆ.

ಮುಂದಿನ ಆರೋಹಣಗಳನ್ನು ಸಂಕ್ಷೇಪವಾಗಿ ಹೇಳಬಹುದು. 1939ರಲ್ಲಿ ಪೋಲೆಂಡಿನವರು ಪೂರ್ವ ಶಿಖರವನ್ನು ಏರಿದರು. 1951ರಲ್ಲಿ ಎರಡು ಶಿಖರಗಳ ನಡುವಣ ಏಣನ್ನು ದಾಟಲೆಳಸಿದ ಫ್ರೆಂಚರಾದ ಡ್ಯೂಪ್ಲಾ ಮತ್ತು ವಿನ್ಯ್ ಕಣ್ಮರೆಯಾದರು. ಅವರನ್ನು ಹುಡುಕುತ್ತ ಪೂರ್ವ ಶಿಖರದ ತುದಿಯವರೆಗೆ ಹೋದವರಲ್ಲಿ ತೇನ್‌ಸಿಂಗ್ ಒಬ್ಬನು. 1964ರಲ್ಲಿ ನರೇಂದ್ರ ಕುಮಾರ್ ನೇತೃತ್ವದ ಭಾರತೀಯ ತಂಡದ ನವಾಂಗ್ ಗೊಂಬು ಮತ್ತು ದಾವಾ ನೋರ್ಬು ಮುಖ್ಯ ಶಿಖರವನ್ನು ಎರಡನೆಯ ಸಲ ಏರಿದರು.

ಅದೇ 1964ರ ಅಕ್ಟೋಬರಿನಲ್ಲಿ ಚೀನಾ ತನ್ನ ಮೊದಲ ಅಣುಬಾಂಬನ್ನು ಸ್ಫೋಟಿಸಿತು. ಅಲ್ಲಿಂದ ನಂದಾದೇವಿಯ ಬಾಗಿಲಿನ ಕೀಲಿಕೈ ಪರ್ವತಾರೋಹಿಗಳ ಕೈಯಿಂದ ರಾಜ್ಯಾಡಳಿತದ ಕೈಗೆ ಹೋಯಿತೆನ್ನಬಹುದು. ಚೀನಾದ ಕ್ಷಿಪಣಿ ಪರೀಕ್ಷೆಗಳನ್ನು ದೂರದಿಂದ ಅರಿಯುವ ಯಂತ್ರವೊಂದನ್ನು ಶಿಖರದ ಮೇಲಿಡಲು ಅಮೆರಿಕದ ಮತ್ತು ಭಾರತದ ಗುಪ್ತಚರ ಇಲಾಖೆಗಳು ಜೊತೆಗೂಡಿದವು. ಯಂತ್ರಕ್ಕೆ ಶಕ್ತಿಯನ್ನೊದಗಿಸುವ ಜನಕದಲ್ಲಿ ಪ್ಲುಟೋನಿಯಮ್ ಇತ್ತು. 1965ರ ಅಕ್ಟೋಬರಿನಲ್ಲಿ ಕೋಹ್ಲಿಯವರ ನಾಯಕತ್ವದ ತಂಡವು ಹವಾಮಾನ ಕೆಟ್ಟುದರಿಂದ ಅದನ್ನು ಸುಮಾರು 24,000 ಅಡಿಯ ಎತ್ತರದಲ್ಲಿ ಬಂಡೆಗೆ ಬಿಗಿದು ಕೆಳಗಿಳಿಯಿತು. ಮರುವರ್ಷ ಹೋಗಿ ನೋಡಿದಾಗ ಅದು ಅಲ್ಲಿರಲಿಲ್ಲ. ಆ ಜನಕವು ಬೆಚ್ಚಗಿದ್ದುದರಿಂದ ಅದನ್ನು ಹೊರಲು ಶೆರ್ಪಾಗಳು ಮುಂದೆ ಬರುತ್ತಿದ್ದರೆಂಬ ಸಂಗತಿಯನ್ನು ಆ ಯಾತ್ರೆಯವರೇ ಮುಂದೆ ಹೇಳಿದ್ದಾರೆ. ಈ ವೃತ್ತಾಂತವೆಲ್ಲ ಹದಿಮೂರು ವರ್ಷ ಗುಟ್ಟಾಗಿತ್ತು. ಅಮೆರಿಕದ ಪತ್ರಿಕೆಯೊಂದು ಅದನ್ನು ಪ್ರಕಟಿಸಿದ ಮೇಲೆ, 1978ರ ಏಪ್ರಿಲ್ 17ರಂದು ಪ್ರಧಾನಿ ಮೊರಾರ್ಜಿ ದೇಸಾಯಿಯವರು ಸಂಸತ್ತಿನಲ್ಲಿ ಅದನ್ನು ಒಪ್ಪಿಕೊಂಡರು.

1974ರಲ್ಲಿ ವಿದೇಶೀಯರಿಗೆ ಮತ್ತೆ ಪ್ರವೇಶ ದೊರೆಯಿತು. ಕಣಿವೆಯ ಹಳ್ಳಿಗಳಿಗೆ ಇದು ಎಷ್ಟು ಮುಖ್ಯವಾಗಿತ್ತೆಂಬುದನ್ನು ಅರಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ನೀತಿ ಕಣಿವೆಯ ಭೋಟಿಯಾ ಜನರು ತಲೆಮಾರುಗಳಿಂದ ಟಿಬೆಟ್ಟಿನೊಡನೆ ಉಪ್ಪು, ಉಣ್ಣೆ, ಧಾನ್ಯಗಳ ವ್ಯಾಪಾರ ನಡೆಸಿಕೊಂಡು ಬಂದವರು. 1962ರ ಯುದ್ಧದೊಡನೆ ಗಡಿಯ ಆ ಬಾಗಿಲು ಮುಚ್ಚಿತು. ಉಳಿದದ್ದು ಕುರಿ, ಸ್ವಲ್ಪ ಬೇಸಾಯ, ಕಾಡು. ಆ ಕಾಡಿಗೆ ಕೊಡಲಿ ಬಿದ್ದಾಗ ರೇಣಿಯ ಹೆಂಗಸರು ಗೌರಾದೇವಿಯವರೊಡನೆ 1974ರ ಮಾರ್ಚ್ 26ರಂದು ಮರಗಳನ್ನು ಅಡ್ಡಗಟ್ಟಿ ನಿಂತರು. ಚಿಪ್ಕೊ ಚಳವಳಿಯ ಈ ಪ್ರಸಿದ್ಧ ಘಟನೆಯೂ ನಂದಾದೇವಿಯ ಆರೋಹಣಗಳೂ ನಮ್ಮ ಪುಸ್ತಕಗಳಲ್ಲಿ ಬೇರೆಬೇರೆ ಅಧ್ಯಾಯಗಳಾಗಿ ಬರುತ್ತವೆ. ವಾಸ್ತವದಲ್ಲಿ ಎರಡೂ ಒಂದೇ ನದಿಯ ದಡದ ಸಂಗತಿಗಳು. ಯಾತ್ರೆಗಳು ಬರತೊಡಗಿದ ಮೇಲೆ ಲಾತಾ, ರೇಣಿ ಮೊದಲಾದ ಊರುಗಳ ತರುಣರಿಗೆ ಹೊರೆಯ ಕೂಲಿ ದೊರೆಯಿತು. ಜೊತೆಗೆ ಒಳ ಅಂಗಣದಲ್ಲಿ ಕಸದ ರಾಶಿ ಬೆಳೆಯಿತು, ಸೌದೆಗಾಗಿ ಪೊದೆಗಳು ಹೋದವು, ಬೇಟೆಯೂ ನಡೆಯಿತು. 1934ರಲ್ಲಿ ಮನುಷ್ಯನನ್ನು ಕಂಡು ಹೆದರದಿದ್ದ ಕುರಿಗಳು ಈಗ ಹೆದರುವುದನ್ನು ಕಲಿತಿದ್ದವು.

1982ರಲ್ಲಿ ಸರಕಾರವು ಸುಮಾರು 630 ಚದರ ಕಿಲೋಮೀಟರಿನ ಈ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿ, ಆರೋಹಣ ಮತ್ತು ಮೇವು ಎರಡನ್ನೂ ನಿಷೇಧಿಸಿತು. 1988ರಲ್ಲಿ ಅದು ವಿಶ್ವ ಪರಂಪರೆಯ ತಾಣಗಳ ಪಟ್ಟಿಯಲ್ಲಿ ಸೇರಿತು. 1993ರಲ್ಲಿ ವಿಶೇಷ ಅನುಮತಿ ಪಡೆದು ಹೋದ ಸೈನ್ಯದ ತಂಡವೊಂದು ಹಳೆಯ ಯಾತ್ರೆಗಳ ಕಸವನ್ನು ಹೊತ್ತು ತಂದಿತು. ಕಾಡು ಮತ್ತು ಪ್ರಾಣಿಗಳು ಚೇತರಿಸಿಕೊಂಡವೆಂಬುದರಲ್ಲಿ ಸಂದೇಹವಿಲ್ಲ. ನಿಷೇಧವು ಅವಶ್ಯಕವಾಗಿತ್ತೆಂದೇ ನಮ್ಮ ಅಭಿಪ್ರಾಯ. ಆದರೆ ಕಸ ಹಾಕಿದವರಿಗೂ ಧರಾನ್ಸಿಯಲ್ಲಿ ಕುರಿ ಮೇಯಿಸುತ್ತಿದ್ದವರಿಗೂ ಒಂದೇ ಆಜ್ಞೆಯನ್ನು ಅನ್ವಯಿಸಿದ್ದು ನ್ಯಾಯವೆಂದು ಹೇಳಲಾಗದು. ಪರ್ವತಾರೋಹಿಗೆ ಹೋಗಲು ಬೇರೆ ಪರ್ವತವಿತ್ತು. ಕುರುಬನಿಗೆ ಬೇರೆ ಹುಲ್ಲುಗಾವಲು ಇರಲಿಲ್ಲ. ಇಪ್ಪತ್ತು ವರ್ಷಗಳ ಅಂತರದಲ್ಲಿ ಗಡಿಯ ವ್ಯಾಪಾರ, ಮೇವಿನ ನೆಲ, ಹೊರೆಯ ಕೂಲಿ ಮೂರನ್ನೂ ಆ ಹಳ್ಳಿಗಳು ಕಳೆದುಕೊಂಡವು. 1998ರಲ್ಲಿ ಲಾತಾದ ಜನರು ನಿಷೇಧವನ್ನು ಮೀರಿ ಉದ್ಯಾನದ ಒಳಕ್ಕೆ ನಡೆದುಹೋದರು. ಅವರು ಆ ಚಳವಳಿಗೆ ಇಟ್ಟ ಹೆಸರು ಝಪಟೋ ಛೀನೋ. ಬಾಚಿಕೊಳ್ಳಿ, ಕಸಿದುಕೊಳ್ಳಿ ಎಂದು ಅರ್ಥ. ಅನಂತರದ ವರ್ಷಗಳಲ್ಲಿ ಲಾತಾದಿಂದ ದಿಬ್ರೂಘೇಟಾದವರೆಗೆ, ಅಂದರೆ ಹಳೆಯ ಕುರುಬರ ದಾರಿ ಮುಗಿಯುವವರೆಗೆ, ಮಿತ ಸಂಖ್ಯೆಯ ಪ್ರವಾಸಿಗಳನ್ನು ಬಿಡುವ ಏರ್ಪಾಟಾಯಿತು.

2021ರ ಫೆಬ್ರುವರಿ 7ರಂದು ಋಷಿಗಂಗೆಯು ಹಠಾತ್ತನೆ ಉಕ್ಕಿತು. ರೇಣಿಯ ಬಳಿಯ ವಿದ್ಯುದಾಗಾರವು ಕೊಚ್ಚಿಹೋಯಿತು. ಇನ್ನೂರಕ್ಕೂ ಮಿಕ್ಕ ಜನರು ಸತ್ತರು ಅಥವಾ ಕಾಣೆಯಾದರು. ರೋಂಟಿ ಶಿಖರದ ಮಗ್ಗುಲಿನಿಂದ ಸುಮಾರು 2.7 ಕೋಟಿ ಘನಮೀಟರು ಬಂಡೆಯೂ ಮಂಜುಗಡ್ಡೆಯೂ ಕಳಚಿ ಬಿದ್ದುದೇ ಇದರ ಕಾರಣವೆಂದು ವಿಜ್ಞಾನಿಗಳು ಉಪಗ್ರಹ ಚಿತ್ರಗಳಿಂದ ಸಿದ್ಧಪಡಿಸಿದ್ದಾರೆ. ಅದನ್ನು ನಾವು ಒಪ್ಪುತ್ತೇವೆ. ರೇಣಿಯವರಲ್ಲಿ ಹಲವರು ಮಾತ್ರ 1965ರಲ್ಲಿ ಕಳೆದುಹೋದ ಆ ಯಂತ್ರವನ್ನು ನೆನೆದರು. ಅವರ ಅನುಮಾನಕ್ಕೆ ಭೂವಿಜ್ಞಾನದಲ್ಲಿ ಆಧಾರವಿಲ್ಲ. ಚರಿತ್ರೆಯಲ್ಲಿ ಅದಕ್ಕೆ ಆಧಾರವಿದೆ: ಅವರ ಊರಿನ ನದಿಯ ತಲೆಯಲ್ಲಿ ಏನನ್ನು ಇಡಲಾಯಿತೆಂಬುದನ್ನು ಹದಿಮೂರು ವರ್ಷ ಅವರಿಗೆ ಯಾರೂ ಹೇಳಿರಲಿಲ್ಲ.